ಶಿಸ್ತು ರಕ್ತದಲ್ಲಿ ಇರಲ್ಲ ಸ್ವಾಮಿ

ಟೋಕಿಯೋದಿಂದ ಶಿನ್-ಒಸಾಕಾಗೆ 515 ಕಿಲೋಮೀಟರ್. ನೊಜೋಮಿ ರೈಲಲ್ಲಿ ಎರಡೂವರೆ ಗಂಟೆ. ಎದುರಿಗಿಟ್ಟ ಕಾಫಿ ತುಳುಕಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ ನಿಟ್ಟುಸಿರು ಬಿಟ್ಟ: "ಇವರಿಗೆ ಶಿಸ್ತು ರಕ್ತದಲ್ಲೇ ಬಂದಿದೆ ಮಗಾ. ನಮ್ಮ ಜನರ ಕೈಲಿ ಆಗಲ್ಲ."

ಈ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ. ರಕ್ತದಲ್ಲಿ ಏನೂ ಇಲ್ಲ, ಎಲ್ಲ ಇರೋದು ರಾತ್ರಿ ಪಾಳಿಯಲ್ಲಿ. ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ ಈ ಹಳಿ ಮೇಲೆ ಪ್ರಯಾಣಿಕರ ರೈಲು ಓಡಲ್ಲ. ಆ ಹೊತ್ತು ಹಳಿ, ತಂತಿ ನೋಡಿಕೊಳ್ಳುವವರದ್ದು. ದಾರಿಯಲ್ಲಿ ಒಂದೂ ಲೆವೆಲ್ ಕ್ರಾಸಿಂಗ್ ಇಲ್ಲ. ದೊಡ್ಡ ಭೂಕಂಪದ ಸುಳಿವು ಸಿಕ್ಕರೆ ಕರೆಂಟ್ ತಾನಾಗೇ ಕಟ್ಟಾಗಿ, ಬ್ರೇಕ್ ಬೀಳುತ್ತೆ. ಶಿಂಕಾನ್ಸೆನ್ ಶುರುವಾದ 1964ರಿಂದ ಹಳಿ ತಪ್ಪಿಯೋ ಡಿಕ್ಕಿಯಾಗಿಯೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ.

ನಮ್ಮಜ್ಜನ ಕಾಲದಲ್ಲಿ ಬೇಸಿಗೆ ಬಂತಂದ್ರೆ ಊರಿಗೆ ಊರೇ ಕೆರೆಗಿಳಿದು ಹೂಳೆತ್ತುತ್ತಿತ್ತು. ಅದು ಯಾವ ರಕ್ತ? ಆ ಕೆಲಸಕ್ಕೆ ಆಗ ಮರ್ಯಾದೆ ಇತ್ತು, ಅಷ್ಟೇ. ಈಗ ನಾವು ಹೊಸ ಫೀಚರ್ ಬರೆದವನಿಗೆ ಚಪ್ಪಾಳೆ ತಟ್ತೀವಿ, ಹಳೇ ಕೋಡ್ ಕಾಯೋನನ್ನ "ಬರೀ ಸಪೋರ್ಟ್" ಅಂತ ಮೂಗು ಮುರೀತೀವಿ.

ರಾತ್ರಿ ಎರಡಕ್ಕೆ ಫೋನ್ ಎತ್ತೋ ಆ ಹುಡುಗನಿಗೆ ಮೊದಲು ಒಂದು ಒಳ್ಳೇ ಹೈಕ್ ಕೊಡಿಸಿ. ಬುಲೆಟ್ ಟ್ರೈನ್ ಮಾತು ಆಮೇಲೆ ಆಡೋಣ.