ಮೇಜರ್ ಯಾವುದು ಎಂದು ಕೇಳುವ ಮೊದಲು

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಕೊಕ್ಕನೂರಿನಿಂದ ಆಪಾ ಫೋನ್ ಮಾಡಿದರು. "ಒಮ್ಮೆ ಬಂದು ಹೋಗು. ಇಲ್ಲಿ ತಂದೆ ಮಗಳ ನಡುವೆ ಮಾತು ನಿಂತು ನಾಲ್ಕು ದಿನವಾಯಿತು" ಎಂದರು. ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವಳು. ಪ್ರತಿ ವರ್ಷ ಪ್ರವೇಶದ ದಿನಗಳಲ್ಲಿ ಬೇರೆಯವರ ಮಕ್ಕಳಿಗೆ ಹೇಳುವ ಮಾತನ್ನು ನಮ್ಮದೇ ಮನೆಯಲ್ಲಿ ಹೇಳುವ ಸರದಿ ಬಂದಿತ್ತು. ಭಾನುವಾರ ದಾವಣಗೆರೆಯಿಂದ ಹರಿಹರ, ಮಲೇಬೆನ್ನೂರು ಮಾರ್ಗವಾಗಿ ಕೊಕ್ಕನೂರು ತಲುಪಿದೆ.

ದುಲ್ಹಾ ಭಾಯಿಗೆ ಊರಿನಲ್ಲಿ ಒಂದು ಚಿಕ್ಕ ಕಿರಾಣಿ ಅಂಗಡಿಯಿದೆ. ಮಗಳು ಕಾಮರ್ಸ್ ಓದಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ. ಬಿ.ಬಿ.ಎ. ಸೇರಬೇಕೆಂಬುದು ಅವಳ ಹಟ. "ಎಚ್.ಆರ್. ಮೇಜರ್ ತಗೊಳ್ತೀನಿ ಖಾಲಾ. ನನ್ನ ಗೆಳತಿಯರೆಲ್ಲ ಅದನ್ನೇ ತಗೊಳ್ತಾರಂತೆ" ಎಂದಳು. "ಬಿ.ಬಿ.ಎ.ಗೆ ಬೆಲೆಯಿಲ್ಲ, ಬಿ.ಕಾಂ. ಮಾಡು" ಎಂದು ಅವಳ ಅಣ್ಣ. ದುಲ್ಹಾ ಭಾಯಿ ಇಬ್ಬರ ಮಾತನ್ನೂ ಕೇಳಿ, "ನೀನೇ ಹೇಳಮ್ಮ. ನಡುವೆ ಒಳ್ಳೆಯ ಸಂಬಂಧ ಬಂದರೆ ಓದು ನಿಲ್ಲಿಸಲೇಬೇಕಾಗುತ್ತದೆ. ಹಾಗಿರುವಾಗ ಮೇಜರ್ ಯಾವುದಾದರೇನು?" ಎಂದರು. ಆಪಾ ಚಹಾ ತಂದಿಟ್ಟು, ಏನೂ ಹೇಳದೆ ಒಳಗೆ ಹೋದರು.

ಸಹೋದರಿಯರೇ, ಈ ಮಾತುಕತೆ ಕೊಕ್ಕನೂರಿನ ಒಂದು ಮನೆಯದ್ದಲ್ಲ. ಮೇ-ಜೂನ್ ತಿಂಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ. ಆದ್ದರಿಂದ ಅಂದು ಅಲ್ಲಿ ಕುಳಿತು ಮಾತಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿ.ಕಾಂ.ಗೂ ಬಿ.ಬಿ.ಎ.ಗೂ ಏನು ವ್ಯತ್ಯಾಸ?

ಹಿಂದೆ ನಾವು ಬಿ.ಬಿ.ಎಂ. ಎನ್ನುತ್ತಿದ್ದ ಕೋರ್ಸೇ ಈಗ ಬಿ.ಬಿ.ಎ. ಬಿ.ಕಾಂ.ನಲ್ಲಿ ಲೆಕ್ಕಪತ್ರ, ತೆರಿಗೆ, ಕಾಸ್ಟಿಂಗ್, ಕಂಪನಿ ಕಾನೂನುಗಳ ಭಾರ ಹೆಚ್ಚು. ಬಿ.ಬಿ.ಎ.ಯಲ್ಲಿ ಲೆಕ್ಕದ ಜೊತೆಗೆ ವ್ಯವಹಾರವನ್ನು ನಡೆಸುವ ವಿದ್ಯೆಗೆ, ಅಂದರೆ ಆಡಳಿತ, ಮಾರಾಟ, ಸಿಬ್ಬಂದಿ ನಿರ್ವಹಣೆಗೆ ಹೆಚ್ಚು ಜಾಗ. ಒಂದಕ್ಕೆ ಬೆಲೆಯಿದೆ, ಇನ್ನೊಂದಕ್ಕೆ ಇಲ್ಲ ಎನ್ನುವುದು ತಪ್ಪು. ಎರಡೂ ಪೂರ್ಣ ಪದವಿಗಳೇ. ಕೆ.ಎ.ಎಸ್. ಮತ್ತಿತರ ಪದವಿ ಮಟ್ಟದ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಎಂ.ಬಿ.ಎ. ಪ್ರವೇಶಕ್ಕೂ ಎರಡೂ ನಡೆಯುತ್ತವೆ.

ಆದರೆ ದಾರಿಗಳಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಪಿಯು ಕಾಲೇಜಿನಲ್ಲಿ ವಾಣಿಜ್ಯ ಉಪನ್ಯಾಸಕಿಯಾಗುವ ಆಸೆಯಿದ್ದರೆ ಮುಂದೆ ಎಂ.ಕಾಂ. ಮತ್ತು ಬಿ.ಎಡ್. ಬೇಕು. ಅಂಥವರಿಗೆ ಬಿ.ಕಾಂ. ನೇರ ದಾರಿ. ಸಿ.ಎ. ಆಗುವ ಆಸೆಯಿದ್ದವರು ಪಿಯುಸಿ ಮುಗಿಸಿ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಇಲ್ಲವೇ ಲೆಕ್ಕಶಾಸ್ತ್ರ, ಆಡಿಟಿಂಗ್, ತೆರಿಗೆ, ಕಾಸ್ಟಿಂಗ್‌ನಂತಹ ಕನಿಷ್ಠ ಮೂರು ವಿಷಯಗಳನ್ನು ಓದಿ ಪದವಿಯಲ್ಲಿ ಶೇಕಡಾ 55 ಅಂಕ ಪಡೆದರೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು.

ಪದವಿಯ ಅವಧಿಯ ಬಗ್ಗೆಯೂ ಗೊಂದಲವಿದೆ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂದಿತ್ತು. 2024-25ರಿಂದ ಸರಕಾರ ಮತ್ತೆ ಮೂರು ವರ್ಷದ ಪದವಿಯನ್ನು ಜಾರಿಗೆ ತಂದಿದೆ. ಅಂದರೆ ಆರು ಸೆಮಿಸ್ಟರ್. ಇನ್ನೊಂದು ಸಂಗತಿ: 2024-25ರಿಂದಲೇ ಬಿ.ಬಿ.ಎ. ಮತ್ತು ಬಿ.ಸಿ.ಎ. ಕೋರ್ಸ್‌ಗಳು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿವೆ. ನೀವು ಸೇರುವ ಕಾಲೇಜಿನ ಬಿ.ಬಿ.ಎ.ಗೆ ಅದರ ಅನುಮೋದನೆ ಇದೆಯೇ ಎಂದು ಪ್ರವೇಶದ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಅಂಗಡಿಯ ಪುಸ್ತಕದಲ್ಲಿ ಎಲ್ಲವೂ ಇತ್ತು

"ಎಚ್.ಆರ್. ಎಂದರೆ ಏನು ಕೆಲಸ ಗೊತ್ತೇ?" ಎಂದು ಹುಡುಗಿಯನ್ನು ಕೇಳಿದೆ. ಸುಮ್ಮನಾದಳು. "ಹೋಗಲಿ, ಅಬ್ಬಾನ ಉದ್ರಿ ಪುಸ್ತಕ ತಾ" ಎಂದೆ.

ಆ ಪುಸ್ತಕ ಬರೆಯುವವಳು ಇವಳೇ. ಪಿಯುಸಿ ಓದುವಾಗಲೇ ದಿನಾ ರಾತ್ರಿ ಕುಳಿತು ಬರೆದಿದ್ದಾಳೆ. ಯಾರ ಬಾಕಿ ಎಷ್ಟು, ಯಾರು ಭತ್ತ ಮಾರಿದ ಮೇಲೆ ಕೊಡುತ್ತಾರೆ, ಯಾರು ಮೂರು ತಿಂಗಳಿಂದ ಕೊಟ್ಟಿಲ್ಲ, ಎಲ್ಲಕ್ಕೂ ಬೇರೆ ಬೇರೆ ಗುರುತು. ಈ ಸೀಮೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ. ಕೊಯ್ಲಾದ ಮೇಲೆಯೇ ಜನರ ಕೈಯಲ್ಲಿ ಹಣ. ಅದನ್ನು ತಿಳಿದು ಯಾವ ತಿಂಗಳು ಎಷ್ಟು ಮಾಲು ತರಬೇಕು ಎಂದು ಅವಳು ತಂದೆಗೆ ಹೇಳುತ್ತಿದ್ದಳಂತೆ. "ಇದನ್ನೇ ಫೈನಾನ್ಸ್ ಎನ್ನುತ್ತಾರೆ" ಎಂದೆ.

ಕೊಕ್ಕನೂರಿನ ಆಂಜನೇಯ ದೇವಸ್ಥಾನಕ್ಕೆ ಶನಿವಾರ ಸುತ್ತಲ ಊರುಗಳಿಂದ ಜನ ಬರುತ್ತಾರೆ. ಅಂದು ಅಂಗಡಿಯಲ್ಲಿ ಬಾಳೆಹಣ್ಣು, ಮಂಡಕ್ಕಿ, ನೀರಿನ ಬಾಟಲಿ ಮುಂದೆ ಇಡಬೇಕು ಎಂದು ಹೇಳಿದವಳೂ ಇವಳೇ. "ಇದು ಮಾರ್ಕೆಟಿಂಗ್" ಎಂದೆ. ಅಂಗಡಿಯಲ್ಲಿದ್ದ ಹುಡುಗ ಪದೇ ಪದೇ ಕೆಲಸ ಬಿಟ್ಟು ಹೋಗುತ್ತಿದ್ದಾಗ, ಸಂಬಳ ತಿಂಗಳ ಬದಲು ವಾರಕ್ಕೊಮ್ಮೆ ಕೊಟ್ಟರೆ ನಿಲ್ಲುತ್ತಾನೆ ಎಂದು ಆಪಾ ಹೇಳಿದ್ದರಂತೆ. ಹುಡುಗ ನಿಂತ. "ಇದು ಎಚ್.ಆರ್. ನಿನ್ನ ಅಮ್ಮಿಗೆ ಅದು ಬರುತ್ತದೆ" ಎಂದಾಗ ಎಲ್ಲರೂ ನಕ್ಕರು. ದುಲ್ಹಾ ಭಾಯಿ ಮಾತ್ರ ಆ ಪುಸ್ತಕವನ್ನು ಮೊದಲ ಬಾರಿ ನೋಡುವವರಂತೆ ತಿರುವಿ ತಿರುವಿ ನೋಡಿದರು.

ಈ ಮೂರರಲ್ಲಿ ಯಾವುದನ್ನು ಬೇಸರವಿಲ್ಲದೆ ಮಾಡುತ್ತೀ ಎಂದು ಕೇಳಿದೆ. "ಲೆಕ್ಕ" ಎಂದಳು. ಗೆಳತಿಯರು ಆರಿಸಿದ್ದನ್ನು ಆರಿಸಲು ಹೊರಟವಳಿಗೆ ತನ್ನ ಉತ್ತರ ತನ್ನ ಬಾಯಿಂದಲೇ ಬಂತು.

ಆರಿಸಲು ಆತುರ ಬೇಡ

ಹೆಚ್ಚಿನ ಕಾಲೇಜುಗಳಲ್ಲಿ ಮೊದಲ ಎರಡು ವರ್ಷ ಎಲ್ಲರೂ ಬಹುಮಟ್ಟಿಗೆ ಒಂದೇ ವಿಷಯಗಳನ್ನು ಓದುತ್ತಾರೆ. ಫೈನಾನ್ಸ್, ಮಾರ್ಕೆಟಿಂಗ್, ಎಚ್.ಆರ್. ಎಂದು ಕವಲೊಡೆಯುವುದು ಸಾಮಾನ್ಯವಾಗಿ ಐದು ಮತ್ತು ಆರನೇ ಸೆಮಿಸ್ಟರಿನಲ್ಲಿ. ಆದ್ದರಿಂದ ಇಂದೇ ಮೇಜರ್ ಹೆಸರಿಗಾಗಿ ಜಗಳವಾಡಬೇಕಿಲ್ಲ. ಎರಡು ವರ್ಷ ಓದುತ್ತಾ ಈ ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು, ಯಾರೂ ಹೇಳದಿದ್ದರೂ ನೀವು ಮೊದಲು ತೆರೆಯುವ ಪುಸ್ತಕ ಯಾವುದು?

ಎರಡು, ಆ ವಿಷಯಕ್ಕೆ ಕಾಲೇಜಿನಲ್ಲಿ ಅಧ್ಯಾಪಕರಿದ್ದಾರೆಯೇ? ವಿವರ ಪತ್ರಿಕೆಯಲ್ಲಿ ಐದಾರು ವಿಷಯಗಳ ಹೆಸರಿರುತ್ತದೆ. ಆದರೆ ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಆ ತರಗತಿ ನಡೆಯುವುದೇ ಇಲ್ಲ. ಕಳೆದ ವರ್ಷ ನಿಜವಾಗಿ ಯಾವ ವಿಷಯ ನಡೆಯಿತು ಎಂದು ಅಂತಿಮ ವರ್ಷದ ವಿದ್ಯಾರ್ಥಿನಿಯರನ್ನು ಕೇಳಿ.

ಮೂರು, ನಿಮ್ಮ ಸುತ್ತ ಆ ಕೆಲಸ ಇದೆಯೇ? ದಾವಣಗೆರೆ-ಹರಿಹರದಲ್ಲಿ ಅಕ್ಕಿ ಗಿರಣಿಗಳಿವೆ, ಎ.ಪಿ.ಎಂ.ಸಿ.ಯ ದಲ್ಲಾಳಿ ಅಂಗಡಿಗಳಿವೆ, ಬಟ್ಟೆ ಅಂಗಡಿಗಳು, ಆಸ್ಪತ್ರೆಗಳು, ಶಾಲೆಗಳು, ಆಡಿಟರ್ ಕಚೇರಿಗಳಿವೆ. ಎಲ್ಲ ಕಡೆಯೂ ಲೆಕ್ಕ ಬಲ್ಲವರು ಬೇಕು. ಎಚ್.ಆರ್. ವಿಭಾಗ ಎಂದು ಪ್ರತ್ಯೇಕವಾಗಿರುವುದು ದೊಡ್ಡ ಸಂಸ್ಥೆಗಳಲ್ಲಿ. ಅಲ್ಲಿ ಒಳ್ಳೆಯ ಹುದ್ದೆಗೆ ಹೆಚ್ಚಾಗಿ ಎಂ.ಬಿ.ಎ. ಕೇಳುತ್ತಾರೆ. ಮುಂದೆ ಓದುವ, ಬೆಂಗಳೂರಿಗೆ ಹೋಗುವ ಅವಕಾಶ ಇರುವವರು ಖಂಡಿತ ಅದನ್ನು ಆರಿಸಲಿ. ಮನೆಯಲ್ಲೇ ಮಸಾಲೆ ಪುಡಿ, ಬಟ್ಟೆ, ಬೇಕರಿ ತಿಂಡಿಗಳ ವ್ಯವಹಾರ ಮಾಡುವ ಮನಸ್ಸಿದ್ದವರಿಗೆ ಮಾರ್ಕೆಟಿಂಗ್ ಬಹಳ ಉಪಯೋಗಕ್ಕೆ ಬರುತ್ತದೆ. ಕಂಪ್ಯೂಟರ್ ಮತ್ತು ಗಣಿತ ಇಷ್ಟವಿದ್ದವರಿಗೆ ಡಾಟಾ ಅನಾಲಿಟಿಕ್ಸ್ ಎಂಬ ಹೊಸ ವಿಷಯವೂ ಕೆಲವೆಡೆ ಇದೆ.

ನಾಲ್ಕು, ಕಲಿತ ವಿದ್ಯೆ ನಿಮ್ಮ ಜೊತೆ ಬರುತ್ತದೆಯೇ? ಹೆಣ್ಣುಮಕ್ಕಳಿಗೆ ಇದು ದೊಡ್ಡ ಪ್ರಶ್ನೆ. ಮದುವೆಯಾಗಿ ಯಾವ ಊರಿಗೆ ಹೋಗುತ್ತೇವೋ ಗೊತ್ತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವುದು, ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವುದು ಬಲ್ಲವಳಿಗೆ ಯಾವ ಊರಿನಲ್ಲೂ ಕೆಲಸವಿದೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಲೂ ಮಾಡಬಹುದು. ಜಿ.ಎಸ್.ಟಿ. 2017ರ ಜುಲೈ 1ರಂದು ಜಾರಿಗೆ ಬಂತು. ಅಂದಿನಿಂದ ನೋಂದಾಯಿತ ಸಣ್ಣ ವ್ಯಾಪಾರಿಗಳಿಗೂ ಈ ನೆರವು ಬೇಕಾಗಿದೆ. ವಾಣಿಜ್ಯ ಅಥವಾ ವ್ಯವಹಾರ ಆಡಳಿತದಲ್ಲಿ ಪದವಿ ಪಡೆದವರು ನಿಯಮಗಳಿಗೆ ಒಳಪಟ್ಟು ಜಿ.ಎಸ್.ಟಿ. ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಲೂ ಅವಕಾಶವಿದೆ. ಗಮನಿಸಿ, 'ಪದವಿ ಪಡೆದವರು'. ಅರ್ಧ ಓದಿದವರಲ್ಲ.

"ಫೈನಾನ್ಸ್ ಎಂದರೆ ಬ್ಯಾಂಕಲ್ಲವೇ? ಬಡ್ಡಿಯ ಲೆಕ್ಕ ಬರೆಯುವ ಕೆಲಸ ನಮಗೆ ಬೇಡ" ಎಂದು ದುಲ್ಹಾ ಭಾಯಿ ಶಂಕೆ ವ್ಯಕ್ತಪಡಿಸಿದರು. ಬ್ಯಾಂಕು ಆ ವಿಷಯದ ಒಂದು ಭಾಗ ಮಾತ್ರ. ಲೆಕ್ಕಪತ್ರ, ತೆರಿಗೆ, ಸಂಬಳದ ಪಟ್ಟಿ, ಸರಕಿನ ವೆಚ್ಚ, ಆಡಿಟ್, ಇವೆಲ್ಲಕ್ಕೂ ಅದೇ ಓದು ಬೇಕು. ನಿಮ್ಮ ಅಂಗಡಿಯಲ್ಲಿ ಮಗಳು ಮಾಡಿದ್ದೂ ಅದೇ ಎಂದೆ. ಅವರು ತಲೆಯಾಡಿಸಿದರು.

ಖರ್ಚು ಮತ್ತು ದಾರಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಹುಡುಗಿಯರಿಗೇ ಇರುವ ಕಾಲೇಜು ಬೇಕೆನ್ನುವವರಿಗೆ ದಾವಣಗೆರೆಯಲ್ಲಿ ಎ.ವಿ.ಕೆ. ಮಹಿಳಾ ಕಾಲೇಜು ಇದೆ. ಹರಿಹರದಲ್ಲಿ ಎಸ್.ಜೆ.ವಿ.ಪಿ. ಕಾಲೇಜು ಇದೆ. ಯಾವ ಕೋರ್ಸ್, ಎಷ್ಟು ಶುಲ್ಕ ಎಂದು ಖುದ್ದಾಗಿ ಹೋಗಿ ವಿಚಾರಿಸಿ. ಮಗಳನ್ನೂ ಕರೆದುಕೊಂಡು ಹೋಗಿ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಅದು ಅನ್ವಯಿಸದು. ಆದ್ದರಿಂದ ಕಾಲೇಜಿನ ಹೊತ್ತಿಗೆ ಹೋಗುವ, ಕತ್ತಲಾಗುವ ಮುನ್ನ ಮರಳುವ ಸರಕಾರಿ ಬಸ್ಸು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ದಿನಾ ಓಡಾಡುವುದು ಕಷ್ಟವಾದರೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಸತಿ ನಿಲಯಕ್ಕೆ ಅರ್ಜಿ ಹಾಕಬಹುದು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30 ಸಾವಿರ ರೂಪಾಯಿಯ ವಿದ್ಯಾರ್ಥಿವೇತನ ನೀಡುತ್ತದೆ. ಬಿ.ಬಿ.ಎ., ಬಿ.ಸಿ.ಎ. ಓದುವ ಹುಡುಗಿಯರಿಗಾಗಿ ಎ.ಐ.ಸಿ.ಟಿ.ಇ.ಯ 'ಸರಸ್ವತಿ' ವಿದ್ಯಾರ್ಥಿವೇತನವೂ ಇದೆ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಅಂಕಪಟ್ಟಿಗಳನ್ನು ಈಗಲೇ ಸಿದ್ಧವಾಗಿಡಿ. ಕೊನೆಯ ದಿನ ತಪ್ಪಿದವರ ಕಣ್ಣೀರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮೂರು ವರ್ಷದ ಮಾತು

ಇಷ್ಟೆಲ್ಲ ಹೇಳಿದ ಮೇಲೂ ದುಲ್ಹಾ ಭಾಯಿಯ ಮೊದಲ ಪ್ರಶ್ನೆ ಹಾಗೆಯೇ ಉಳಿದಿತ್ತು: ನಡುವೆ ಸಂಬಂಧ ಬಂದರೆ?

ಆಗ ಆಪಾ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಅವರ ಬಿ.ಕಾಂ. ಮೊದಲ ವರ್ಷದ ಅಂಕಪಟ್ಟಿ. ಆಗ ದಾವಣಗೆರೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಎರಡನೇ ವರ್ಷದಲ್ಲಿ ಮದುವೆ ನಿಶ್ಚಯವಾಗಿ ಓದು ನಿಂತಿತು. "ಅಕೌಂಟೆನ್ಸಿಯಲ್ಲಿ ನನಗೆ ಎಪ್ಪತ್ತೆಂಟು ಬಂದಿತ್ತು" ಎಂದರು. ಬೇರೇನೂ ಹೇಳಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವರು ಆ ಕಾಗದವನ್ನು ಗಂಡನಿಗೆ ತೋರಿಸಿದ್ದು ಅದೇ ಮೊದಲು.

ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದುಲ್ಹಾ ಭಾಯಿ, "ಸಂಬಂಧ ಬಂದರೆ ಬರಲಿ. ಮೂರು ವರ್ಷ ಮುಗಿದ ಮೇಲೆಯೇ ಎಂದು ಹೇಳುತ್ತೇನೆ. ಕಾಯುವವರು ಕಾಯಲಿ" ಎಂದರು.

ತಾಯಂದಿರೇ, ಯಾವ ಮೇಜರ್ ಒಳ್ಳೆಯದು ಎಂದು ನನ್ನನ್ನು ಬಹಳ ಮಂದಿ ಕೇಳುತ್ತಾರೆ. ಪೂರ್ತಿಗೊಳಿಸಿದ ಯಾವ ಮೇಜರ್ ಆದರೂ ಅರ್ಧಕ್ಕೆ ನಿಂತ ಅತ್ಯುತ್ತಮ ಮೇಜರ್‌ಗಿಂತ ಮೇಲು. ಪ್ರವೇಶದ ಅರ್ಜಿ ತುಂಬುವ ದಿನವೇ ಮನೆಯವರೆಲ್ಲ ಕುಳಿತು ಈ ಮೂರು ವರ್ಷದ ಬಗ್ಗೆ ಒಂದು ಮಾತಿಗೆ ಬನ್ನಿ. ಬಸ್ಸು, ಶುಲ್ಕ, ಮನೆಗೆಲಸದ ಹಂಚಿಕೆ, ಪರೀಕ್ಷೆಯ ದಿನಗಳಲ್ಲಿ ಬರುವ ಮದುವೆ ಸಮಾರಂಭಗಳು, ಎಲ್ಲವನ್ನೂ ಮಾತಾಡಿಕೊಳ್ಳಿ. ಅನಿವಾರ್ಯವಾಗಿ ಮದುವೆ ಮೊದಲೇ ಆಗುವುದಾದರೆ, ಪದವಿ ಮುಗಿಸುವ ಮಾತನ್ನು ಗಂಡಿನ ಮನೆಯವರೊಂದಿಗೆ ನಿಶ್ಚಯದ ದಿನವೇ ಸ್ಪಷ್ಟಪಡಿಸಿಕೊಳ್ಳಿ.

ಓದು ನಡುವೆ ನಿಂತವರಿಗೂ ಬಾಗಿಲು ಮುಚ್ಚಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಲ್ಲೇ ಓದಿ ಬಿ.ಕಾಂ. ಮಾಡಬಹುದು. ವಯಸ್ಸು ಹೆಚ್ಚಾಯಿತೆಂಬ ಚಿಂತೆ ಬೇಕಿಲ್ಲ.

ಹುಡುಗಿ ಈಗ ಬಿ.ಕಾಂ.ಗೆ ಅರ್ಜಿ ಹಾಕಿದ್ದಾಳೆ. ಅದು ಅಣ್ಣ ಹೇಳಿದನೆಂದಲ್ಲ. ಲೆಕ್ಕ ಇಷ್ಟವೆಂದು ತಾನೇ ತಿಳಿದುಕೊಂಡ ಮೇಲೆ ಅವಳೇ ಮಾಡಿದ ಆಯ್ಕೆ. ಅಂದು ಸಂಜೆ ಬಸ್ಸಿಗೆ ಕಾಯುವಾಗ ಆಪಾ ನನ್ನ ಪಕ್ಕ ನಿಂತು ಮೆಲ್ಲನೆ, "ಆ ಮೈಸೂರಿನ ಅರ್ಜಿಗೆ ಪಿಯುಸಿ ಅಂಕಪಟ್ಟಿ ಸಾಕೇನೇ?" ಎಂದು ಕೇಳಿದರು.

"ಸಾಕು ಆಪಾ. ಹುಡುಕಿಡಿ" ಎಂದೆ.