ಬೋಧಕರಾಗುವವರು ಪಾಠ ಮಾಡಿ ತೋರಿಸಲಿ

ವೈದ್ಯಕೀಯ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವ ಯುವ ವೈದ್ಯರ ದಾರಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2025ರ ಜುಲೈಯಲ್ಲಿ ಅಗಲಿಸಿತು. ಕನಿಷ್ಠ 220 ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಸ್ನಾತಕೋತ್ತರ ಪದವೀಧರರು ಸೀನಿಯರ್ ರೆಸಿಡೆನ್ಸಿ (ಸ್ನಾತಕೋತ್ತರ ಪದವಿಯ ನಂತರ ಬೋಧನಾ ಆಸ್ಪತ್ರೆಯಲ್ಲಿನ ಸೇವೆ) ಇಲ್ಲದೆಯೂ ಈಗ ಅರ್ಹರು. ಜೈವಿಕ ವೈದ್ಯಕೀಯ ಸಂಶೋಧನೆಯ ಪ್ರಾಥಮಿಕ ಕೋರ್ಸನ್ನು ಮುಂದಿನ ಎರಡು ವರ್ಷದಲ್ಲಿ ಮುಗಿಸಿದರಾಯಿತು. ಬೋಧಕರ ಕೊರತೆ ನಿಜ. ಜಿಲ್ಲಾಸ್ಪತ್ರೆಯಲ್ಲಿ ಪಳಗಿದ ಕೈ ವಿದ್ಯಾರ್ಥಿಗಳಿಗೆ ಲಾಭವೇ. ಆದರೆ ಚಿಕಿತ್ಸೆ ಬಲ್ಲವರೆಲ್ಲ ಕಲಿಸಬಲ್ಲರು ಎಂದು ನಂಬುವುದು ಹೇಗೆ? ಸಂದರ್ಶನದಲ್ಲೇ ರೋಗಿಯ ಹಾಸಿಗೆಯ ಪಕ್ಕ ಹತ್ತು ನಿಮಿಷ ಪಾಠ ಮಾಡಿಸಬೇಕು. ಇದರಿಂದ ನೇಮಕಾತಿ ತಡವಾಗುತ್ತದೆ ಎನ್ನುವವರಿದ್ದಾರೆ. ಹುದ್ದೆಗಳು ಖಾಲಿ ಉಳಿಯುವುದು ಈ ಹತ್ತು ನಿಮಿಷದಿಂದಲ್ಲ. ಆಯ್ಕೆ ಸಮಿತಿಗಳು ಅಂಕಪಟ್ಟಿಯ ಜೊತೆಗೆ ಪಾಠಕ್ಕೂ ಅಂಕ ಕೊಡಲಿ.