10,000ದ ಗೆರೆ ಅಳಿಸಿ

ಅಂಡಮಾನಿನ ಬೋವಾ ಸೀನಿಯರ್ 2010ರ ಜನವರಿ 26ರಂದು ತೀರಿಕೊಂಡಾಗ ಬೋ ಭಾಷೆಯ ಕೊನೆಯ ಕೊಂಡಿ ಕಳಚಿತೆಂದು ಪತ್ರಿಕೆಗಳೆಲ್ಲ ಬರೆದವು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಆಕೆಯ ಮಾತನ್ನು ಧ್ವನಿಮುದ್ರಿಸಿಕೊಂಡದ್ದು ನಮ್ಮ ಪುಣ್ಯ. ಆ ಅಜ್ಜಿ ಹಾಡು ಮರೆತಿರಲಿಲ್ಲ, ಕತೆ ಮರೆತಿರಲಿಲ್ಲ. ಕೇಳಿ ಉತ್ತರಿಸುವವರು ಮಾತ್ರ ಯಾರೂ ಉಳಿದಿರಲಿಲ್ಲ.

ಇಂಥ ಸಾವಿನ ಸುದ್ದಿಗೆ ನಾವು ಮರುಗುತ್ತೇವೆ, ಮುಪ್ಪಿನ ಸಾವೆಂಬಂತೆ ಒಪ್ಪಿಕೊಂಡೂ ಬಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ. 1858ರಲ್ಲಿ ಬ್ರಿಟಿಷರು ಪೋರ್ಟ್‌ಬ್ಲೇರಿನಲ್ಲಿ ಕೈದಿಗಳ ವಸಾಹತು ಕಟ್ಟಿದಾಗ ಗ್ರೇಟ್ ಅಂಡಮಾನಿಗಳು ಸಾವಿರಗಳ ಲೆಕ್ಕದಲ್ಲಿದ್ದರು, ಬೋ ಸೇರಿ ಹತ್ತು ನುಡಿಗಳನ್ನಾಡುತ್ತಿದ್ದರು. ಬಂದೂಕು, ಸಿಫಿಲಿಸ್, ದಡಾರ ಸೇರಿ ಅವರನ್ನು ಮುಗಿಸಿದವು. 1961ರಲ್ಲಿ ಉಳಿದಿದ್ದವರು 19 ಮಂದಿ. ಆ ನುಡಿಗಳಿಗೆ ಮುಪ್ಪು ಬಂದಿರಲಿಲ್ಲ, ಆಡುವವರನ್ನು ಅಳಿಸಲಾಯಿತು.

ಅದು ಪರಕೀಯರ ಪಾಪವೆಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. 1971ರಿಂದ ನಮ್ಮ ಜನಗಣತಿ 10,000ಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಅಂಕಿಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದನ್ನೇ ನಿಲ್ಲಿಸಿತು. 2011ರ ಪಟ್ಟಿಯಲ್ಲಿ 121 ಭಾಷೆಗಳಿಗೆ ಹೆಸರುಂಟು. ಮಿಕ್ಕವೆಲ್ಲ ‘ಇತರೆ’. 1961ರ ಪಟ್ಟಿಯ 1,652 ತಾಯ್ನುಡಿಗಳಲ್ಲಿ ಒಂದೇ ನುಡಿಯ ಹಲವು ಹೆಸರುಗಳು ಬೆರೆತಿದ್ದವು, ಗೊಂದಲವಿತ್ತು, ನಿಜ. ಅದನ್ನು ಬಿಡಿಸಬೇಕಿತ್ತೇ ಹೊರತು ಮುಚ್ಚಬೇಕಿರಲಿಲ್ಲ. ಇಷ್ಟು ಸಣ್ಣ ಸಂಖ್ಯೆಗಳನ್ನು ಅಚ್ಚು ಹಾಕಿ ಏನು ಪ್ರಯೋಜನ ಎನ್ನುವವರು ಅದೇ ಜನಗಣತಿಯ ಬುಡಕಟ್ಟುಗಳ ಕೋಷ್ಟಕ ತೆರೆದು ನೋಡಲಿ. ಗ್ರೇಟ್ ಅಂಡಮಾನಿಗಳು ಐವತ್ತೂ ದಾಟದಿದ್ದರೂ ಅಲ್ಲಿ ಅವರ ಲೆಕ್ಕವಿದೆ. ಜನರನ್ನು ಎಣಿಸುವ ಸರ್ಕಾರಕ್ಕೆ ಅವರ ಮಾತು ಮಾತ್ರ ಬೇಡವೇ?

2013ರಲ್ಲಿ ಕೇಂದ್ರ ಸರ್ಕಾರವೇ ಅಳಿವಿನಂಚಿನ ಭಾಷೆಗಳ ರಕ್ಷಣೆಗೆ ಯೋಜನೆ ತಂದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ಒಪ್ಪಿಸಿತು. ಅಳಿವಿನಂಚನ್ನು ಗುರುತಿಸಲು ಹಿಡಿದ ಅಳತೆಯೂ ಅದೇ 10,000! ಅಂದರೆ ಯಾವ ನುಡಿಗಳು ಅಪಾಯದಲ್ಲಿವೆಯೆಂದು ಒಂದು ಇಲಾಖೆ ಹೇಳುತ್ತದೆಯೋ ಅವುಗಳ ಅಂಕಿಗಳನ್ನೇ ಇನ್ನೊಂದು ಇಲಾಖೆ ಬಚ್ಚಿಡುತ್ತದೆ. ಹತ್ತು ವರ್ಷದಲ್ಲಿ ಎಷ್ಟು ಮಕ್ಕಳು ಮನೆಮಾತು ಬಿಟ್ಟರೆಂದು ತಿಳಿಯದೆ ಶಾಲೆ ತೆರೆಯುವುದು ಎಲ್ಲಿ, ಪಾಠ ಬರೆಸುವುದು ಯಾರಿಂದ? ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿ ನಮ್ಮ ಕರಾವಳಿಯ ಕೊರಗ ಭಾಷೆಯೂ ಇದೆ. ಕನ್ನಡಕ್ಕಾಗಿ ಬೀದಿಗಿಳಿಯುವ ನಾವು ಕೊರಗರ ಮಾತಿಗೂ ದನಿಯೆತ್ತಬೇಕು.

2027ರ ಜನಗಣತಿ ಎದುರಿಗಿದೆ. ಎಲ್ಲ ತಾಯ್ನುಡಿಗಳ ಅಂಕಿಗಳನ್ನೂ ಪ್ರಕಟಿಸಬೇಕೆಂದು ನಿಮ್ಮ ಸಂಸದರಿಗೆ ಈಗಲೇ ಬರೆಯಿರಿ. ಗಣತಿದಾರರು ಮನೆಗೆ ಬಂದಾಗ, ಆಡುವವರು ಎಷ್ಟೇ ಕಡಿಮೆ ಇರಲಿ, ನಿಮ್ಮ ಮನೆಮಾತಿನ ಹೆಸರನ್ನೇ ಹೇಳಿ ಬರೆಸಿ.